ರೀಬಿಲ್ಡ್ ಮಾಡುವಾಗ ಫೈಲ್ ಬಿಡ್ತಿಲ್ವಾ? ಲಾಕ್ ಮತ್ತು ಪರ್ಮಿಷನ್ ತೊಂದರೆ ಬಿಡಿಸುವ ದಾರಿ

ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿ ಮತ್ತೆ ಬಿಲ್ಡ್ ಕೊಟ್ಟಿದ್ದೀರಿ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಲು ಹೇಳಿದ್ದೀರಿ. ಕಂಪೈಲ್ ಸರಿಯಾಗಿಯೇ ಮುಗಿಯಿತು. ಕೊನೆಗೆ ಮಾತ್ರ ಕೆಂಪು ಸಾಲು ಬಂತು: ಹಳೆಯ ಫೈಲ್ ಮೇಲೆ ಬರೆಯಲು ಆಗಲಿಲ್ಲ, ಬೇರೆ ಪ್ರೋಗ್ರಾಂ ಅದನ್ನು ಬಳಸುತ್ತಿದೆ. ಇಲ್ಲವೇ ಬರೀ ಎರಡು ಪದ: ಪರ್ಮಿಷನ್ ಡಿನೈಡ್. ಐದು ನಿಮಿಷದ ಹಿಂದೆ ಇದೇ ಬಿಲ್ಡ್ ಆಗಿತ್ತಲ್ಲ, ಈಗೇನಾಯ್ತು?

ಇಂಥ ಹೊತ್ತಲ್ಲಿ ಕೈ ತಾನಾಗಿಯೇ ಮೂರು ಕಡೆ ಹೋಗುತ್ತದೆ. ಮಶೀನ್ ರೀಸ್ಟಾರ್ಟ್ ಮಾಡುವುದು. ಸುಡೋ ಹಾಕುವುದು (ಲಿನಕ್ಸ್, ಮ್ಯಾಕ್‌ನಲ್ಲಿ ಎಲ್ಲ ಅಧಿಕಾರವಿರುವ ರೂಟ್ ಯೂಸರ್ ಆಗಿ ಕಮ್ಯಾಂಡ್ ಓಡಿಸುವುದು), ಅಥವಾ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದು. ಇಡೀ ಫೋಲ್ಡರ್‌ಗೆ 777, ಅಂದರೆ ಎಲ್ಲರಿಗೂ ಓದುವ, ಬರೆಯುವ, ಓಡಿಸುವ ಹಕ್ಕು, ಕೊಟ್ಟುಬಿಡುವುದು. ಮೂರೂ ಕೆಲವು ಸಲ ಫಲಿಸುತ್ತವೆ, ಹಾಗಾಗಿಯೇ ಅಭ್ಯಾಸವಾಗಿಬಿಡುತ್ತವೆ. ಆದರೆ ಕಾರಣ ಗೊತ್ತಾಗುವುದಿಲ್ಲ, ನಾಳೆ ಅದೇ ಎರರ್ ಮತ್ತೆ ಬರುತ್ತದೆ. ಸುಡೋ ಹಾಕಿದರಂತೂ ನಾಳೆಗೆ ಇನ್ನೊಂದು ತೊಂದರೆಯನ್ನು ಇವತ್ತೇ ಕಟ್ಟಿಟ್ಟಂತೆ.

ಅದರ ಬದಲು ಒಂದು ಪ್ರಶ್ನೆಯಿಂದ ಶುರು ಮಾಡಿ. ಈ ಫೈಲನ್ನು ಯಾರೋ ಹಿಡಿದುಕೊಂಡಿದ್ದಾರಾ, ಇಲ್ಲಾ ನನಗೆ ಅದನ್ನು ಮುಟ್ಟುವ ಹಕ್ಕೇ ಇಲ್ವಾ? ಮೊದಲನೆಯದು ಲಾಕ್, ಎರಡನೆಯದು ಪರ್ಮಿಷನ್. ಎರಡಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಇಡೀ ಮಧ್ಯಾಹ್ನ ಕಳೆದುಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಎರರ್ ಸಾಲನ್ನು ಪೂರ್ತಿ ಓದಿ

ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ 'ಬಿಲ್ಡ್ ಫೇಲ್ಡ್' ಎಂದಷ್ಟೇ ಇರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮೇಲೆ ಹೋಗಿ, ಮೊಟ್ಟಮೊದಲು ಬಂದ ಎರರ್ ಹುಡುಕಿ. ಅದರಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಯಾವ ಫೈಲ್ (ಪೂರ್ತಿ ಪಾತ್ ಸಮೇತ), ಅದಕ್ಕೆ ಏನು ಮಾಡಲು ಹೊರಟಿತ್ತು (ಬರೆಯಲು, ಅಳಿಸಲು, ಓಡಿಸಲು), ಮತ್ತು ಎರರ್ ನಂಬರ್.

ನಂಬರ್ ಬಹಳ ಹೇಳುತ್ತದೆ. ವಿಂಡೋಸ್‌ನಲ್ಲಿ 32 ಬಂದರೆ ಶೇರಿಂಗ್ ವಯಲೇಷನ್, ಅಂದರೆ ಯಾರೋ ಹಿಡಿದಿದ್ದಾರೆ. 5 ಬಂದರೆ ಆಕ್ಸೆಸ್ ಡಿನೈಡ್. ಈ 5 ನೋಡಿ ತಕ್ಷಣ ಪರ್ಮಿಷನ್ ಬದಲಾಯಿಸಲು ಹೋಗಬೇಡಿ. ಓಡುತ್ತಿರುವ ಇಎಕ್ಸ್‌ಇ ಫೈಲನ್ನು ಅಳಿಸಲು ಹೋದರೂ 5 ಬರುತ್ತದೆ. ಅಳಿಸಲು ಆದೇಶ ಹೋಗಿದ್ದರೂ ಯಾರೋ ಇನ್ನೂ ತೆರೆದಿಟ್ಟಿರುವುದರಿಂದ ಅರ್ಧದಲ್ಲೇ ನಿಂತ ಫೈಲನ್ನು ಮುಟ್ಟಿದರೂ 5 ಬರುತ್ತದೆ. ಎರಡೂ ಲಾಕ್‌ನ ಕಥೆಗಳೇ, ಪರ್ಮಿಷನ್ ವೇಷದಲ್ಲಿ ಬರುತ್ತವೆ ಅಷ್ಟೆ.

ವಿಂಡೋಸ್‌ನ ಸಿ ಪ್ಲಸ್ ಪ್ಲಸ್ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಸೇರಿಸಿ ಪ್ರೋಗ್ರಾಂ ಫೈಲ್ ಮಾಡುವ ಸಾಧನ) ಎಲ್‌ಎನ್‌ಕೆ1168 ಎಂದರೆ ಬರೆಯಲು ಫೈಲ್ ತೆರೆಯಲಾಗಲಿಲ್ಲ ಎಂದರ್ಥ. ಬಹುಪಾಲು ನಿಮ್ಮ ಪ್ರೋಗ್ರಾಂ ಇನ್ನೂ ಓಡುತ್ತಿರುತ್ತದೆ. ಎಲ್‌ಎನ್‌ಕೆ1104 ಹಾಗಲ್ಲ. ಅದು ಲಾಕ್‌ನಿಂದಲೂ ಬರಬಹುದು, ಲೈಬ್ರರಿಯ ಪಾತ್ ತಪ್ಪಿದ್ದರೂ ಬರಬಹುದು. ಡಾಟ್‌ನೆಟ್ ಬಿಲ್ಡ್‌ನಲ್ಲಿ ಎಂಎಸ್‌ಬಿ3026 ಎಂಬ ವಾರ್ನಿಂಗ್ ಸಾಲುಸಾಲಾಗಿ ಬಂದು, ಕೊನೆಗೆ ಎಂಎಸ್‌ಬಿ3027 ಎರರ್ ಬರುತ್ತದೆ. ಕಾಪಿ ಮಾಡಲು 10 ಸಲ ಪ್ರಯತ್ನಿಸಿ ಸೋತೆ ಎಂದು ಅದು ಹೇಳುತ್ತಿದೆ. ಹೊಸ ಆವೃತ್ತಿಗಳಲ್ಲಿ ಅದೇ ಸಾಲಿನಲ್ಲಿ ಯಾವ ಪ್ರೋಗ್ರಾಂ ಹಿಡಿದಿದೆ ಎಂದು ಹೆಸರೂ ಪಿಐಡಿಯೂ (ಓಡುತ್ತಿರುವ ಪ್ರೋಗ್ರಾಂನ, ಅಂದರೆ ಪ್ರಾಸೆಸ್‌ನ, ನಂಬರ್) ಇರುತ್ತವೆ. ಉತ್ತರ ಅಲ್ಲೇ ಇದ್ದರೂ ಎಷ್ಟೋ ಜನ ಅಲ್ಲಿಯ ತನಕ ಓದುವುದೇ ಇಲ್ಲ.

ಲಿನಕ್ಸ್‌ನಲ್ಲಿ 13 ಎಂದರೆ ಪರ್ಮಿಷನ್ ಡಿನೈಡ್. 1 ಎಂದರೆ ಆಪರೇಷನ್ ನಾಟ್ ಪರ್ಮಿಟೆಡ್. ಕೇಳಲು ಒಂದೇ ಥರ ಇದ್ದರೂ ಬೇರೆ ಬೇರೆ, ಮುಂದೆ ಹೇಳುತ್ತೇನೆ. 16 ಬಂದರೆ ಡಿವೈಸ್ ಅಥವಾ ಫೋಲ್ಡರ್ ಬಳಕೆಯಲ್ಲಿದೆ. 26 ಎಂದರೆ ಟೆಕ್ಸ್ಟ್ ಫೈಲ್ ಬ್ಯುಸಿ, ಅಂದರೆ ಓಡುತ್ತಿರುವ ಪ್ರೋಗ್ರಾಂ ಫೈಲಿಗೆ ಬರೆಯಲು ಹೋಗಿದೆ. 30 ಎಂದರೆ ಇಡೀ ಫೈಲ್ ಸಿಸ್ಟಮ್ಮೇ ಓದಲು ಮಾತ್ರ ಸಿಗುವಂತೆ ಮೌಂಟ್ ಆಗಿದೆ (ಸಿಸ್ಟಮ್‌ಗೆ ಜೋಡಣೆಯಾಗಿದೆ). ಅಲ್ಲಿ ಫೈಲಿನ ಪರ್ಮಿಷನ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ.

ಹೆಜ್ಜೆ 2: ಯಾರು ಹಿಡಿದಿದ್ದಾರೆ ಎಂದು ಹುಡುಕಿ

ಮೊದಲು ನಿಮ್ಮ ಪ್ರೋಗ್ರಾಂ ಮೇಲೆಯೇ ಅನುಮಾನ ಪಡಿ. ಹಿಂದಿನ ಸಲ ಡೀಬಗ್ ಮಾಡಿದ್ದು ನಿಂತಿದೆಯಾ? ಕಿಟಕಿ ಮುಚ್ಚಿದರೂ ಪ್ರಾಸೆಸ್ ಹಿಂದೆ ಓಡುತ್ತಿರಬಹುದು. ಟೆಸ್ಟ್ ಒಂದು ಮಧ್ಯದಲ್ಲಿ ಸಿಕ್ಕಿಕೊಂಡಿರಬಹುದು. ಅದನ್ನೇ ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡಿ ಮರೆತಿರಬಹುದು.

ಅದಲ್ಲ ಎಂದಾದರೆ ಹುಡುಕುವ ಸಾಧನ ಬೇಕು. ವಿಂಡೋಸ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡದೆ ಸಿಗುವುದು ರಿಸೋರ್ಸ್ ಮಾನಿಟರ್. ಅದರ ಸಿಪಿಯು ಟ್ಯಾಬ್‌ನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಜಾಗವಿದೆ (ತೆರೆದ ಫೈಲಿನ ಮೇಲೆ ಪ್ರಾಸೆಸ್‌ಗಿರುವ ಹಿಡಿತವೇ ಹ್ಯಾಂಡಲ್). ಅಲ್ಲಿ ಫೈಲ್ ಹೆಸರಿನ ಒಂದು ತುಂಡು ಟೈಪ್ ಮಾಡಿದರೆ ಹಿಡಿದಿರುವ ಪ್ರಾಸೆಸ್‌ಗಳ ಪಟ್ಟಿ ಬರುತ್ತದೆ. ಪವರ್‌ಟಾಯ್ಸ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲ್ ಲಾಕ್‌ಸ್ಮಿತ್ ಆರಿಸಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಸಿಸ್‌ಇಂಟರ್ನಲ್ಸ್‌ನ ಪ್ರಾಸೆಸ್ ಎಕ್ಸ್‌ಪ್ಲೋರರ್ ಮೇಲೆ. ಫೈಂಡ್ ಮೆನುವಿನಲ್ಲಿ ಫೈಂಡ್ ಹ್ಯಾಂಡಲ್ ಆರ್ ಡಿಎಲ್‌ಎಲ್ ಆರಿಸಿ ಹೆಸರು ಕೊಟ್ಟರೆ ಅದು ಹ್ಯಾಂಡಲ್‌ಗಳನ್ನೂ ಹುಡುಕುತ್ತದೆ, ಲೋಡ್ ಆಗಿರುವ ಡಿಎಲ್‌ಎಲ್‌ಗಳನ್ನೂ (ಪ್ರೋಗ್ರಾಂಗಳು ಬಳಸುವ ಲೈಬ್ರರಿ ಫೈಲ್‌ಗಳು) ಹುಡುಕುತ್ತದೆ. ಈ ಎರಡನೆಯದು ಮುಖ್ಯ. ಡಿಎಲ್‌ಎಲ್ ಒಮ್ಮೆ ಮೆಮೊರಿಗೆ ಮ್ಯಾಪ್ ಆದಮೇಲೆ ತೆರೆದ ಹ್ಯಾಂಡಲ್ ಇಲ್ಲದಿದ್ದರೂ ಫೈಲ್ ಬಿಡುವುದಿಲ್ಲ. ಬರೀ ಹ್ಯಾಂಡಲ್ ಹುಡುಕಿದವರಿಗೆ ಯಾರೂ ಹಿಡಿದಿಲ್ಲ ಅನ್ನಿಸುತ್ತದೆ.

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಲ್‌ಎಸ್‌ಓಎಫ್ ಕಮ್ಯಾಂಡ್‌ಗೆ ಫೈಲಿನ ಪಾತ್ ಕೊಡಿ. ಲಿನಕ್ಸ್‌ನಲ್ಲಿ ಫ್ಯೂಸರ್ ಕೂಡ ಇದೆ, ಮೈನಸ್ ವಿ ಸೇರಿಸಿದರೆ ಪ್ರಾಸೆಸ್ ಹೆಸರನ್ನೂ ತೋರಿಸುತ್ತದೆ. ಬೇರೆ ಯೂಸರ್‌ನ ಪ್ರಾಸೆಸ್ ನೋಡಲು ಇವಕ್ಕೆ ಸುಡೋ ಬೇಕಾಗುತ್ತದೆ. ಸುಮ್ನೆ ನೋಡುವುದಕ್ಕೆ ಸುಡೋ ಬಳಸಿದರೆ ಏನೂ ಕೆಡುವುದಿಲ್ಲ.

ಹುಡುಕಿದಾಗ ಜಾಸ್ತಿ ಸಿಕ್ಕಿಬೀಳುವವರು ಇವರು.

ಬಿಲ್ಡ್ ಸಾಧನದ್ದೇ ಹಿನ್ನೆಲೆ ಪ್ರಾಸೆಸ್‌ಗಳು. ಮುಂದಿನ ಬಿಲ್ಡ್ ಬೇಗ ಆಗಲಿ ಎಂದು ಇವು ಜೀವಂತ ಉಳಿಯುತ್ತವೆ. ಜಾವಾ ಬಿಲ್ಡ್ ಸಾಧನ ಗ್ರೇಡಲ್‌ನ ಡೀಮನ್ (ಹಿನ್ನೆಲೆ ಪ್ರಾಸೆಸ್) ಕೆಲಸವಿಲ್ಲದಿದ್ದರೂ 3 ಗಂಟೆ ಕಾಯುತ್ತದೆ. ಅದಕ್ಕೆ ಗ್ರೇಡಲ್‌ನ ಸ್ಟಾಪ್ ಆಯ್ಕೆ ಇದೆ. ಡಾಟ್‌ನೆಟ್‌ನ ಬಿಲ್ಡ್ ಸಾಧನ ಎಂಎಸ್‌ಬಿಲ್ಡ್‌ನ ನೋಡ್‌ಗಳು ಮತ್ತು ಸಿ ಶಾರ್ಪ್ ಕಂಪೈಲರ್ ಸರ್ವರ್ ಕೂಡ ಹೀಗೆಯೇ. ನಿಮ್ಮದೇ ಬಿಲ್ಡ್ ಟಾಸ್ಕ್ ಅಥವಾ ಅನಲೈಜರ್ ಒಂದರ ಡಿಎಲ್‌ಎಲ್ ಅನ್ನು ಅವು ಲೋಡ್ ಮಾಡಿಕೊಂಡಿದ್ದರೆ ಅದನ್ನು ಮತ್ತೆ ಬಿಲ್ಡ್ ಮಾಡಲು ಆಗುವುದೇ ಇಲ್ಲ. ಡಾಟ್‌ನೆಟ್ ಕಮ್ಯಾಂಡ್‌ನಲ್ಲಿ ಬಿಲ್ಡ್-ಸರ್ವರ್ ಶಟ್‌ಡೌನ್ ಕೊಟ್ಟರೆ ಇವು ಮರ್ಯಾದೆಯಿಂದ ಇಳಿಯುತ್ತವೆ.

ಎಡಿಟರ್. ಕೋಡ್ ಬರೆಯುವಾಗ ಸಲಹೆ ಕೊಡುವ ಲ್ಯಾಂಗ್ವೇಜ್ ಸರ್ವರ್ ಕೂಡ ನಿಮ್ಮ ಜಾರ್ ಫೈಲ್, ಡಿಎಲ್‌ಎಲ್ ಎಲ್ಲ ತೆರೆದಿಟ್ಟಿರುತ್ತದೆ.

ಟರ್ಮಿನಲ್. ವಿಂಡೋಸ್‌ನಲ್ಲಿ ಯಾವುದಾದರೂ ಟರ್ಮಿನಲ್ ಆ ಫೋಲ್ಡರ್ ಒಳಗೆ ಕೂತಿದ್ದರೆ ಫೋಲ್ಡರ್ ಅಳಿಸಲು ಆಗುವುದಿಲ್ಲ. ಒಳಗಿನ ಫೈಲ್ ಎಲ್ಲ ಹೋಗಿ ಖಾಲಿ ಫೋಲ್ಡರ್ ಮಾತ್ರ ಹಟ ಹಿಡಿದು ಕೂತಿದೆಯಾ? ಮೊದಲು ಇದನ್ನೇ ನೋಡಿ.

ಆಂಟಿವೈರಸ್ ಮತ್ತು ಕ್ಲೌಡ್ ಸಿಂಕ್. ಒಂದು ಸಲ ಬಿಲ್ಡ್ ಆಗುತ್ತದೆ, ಇನ್ನೊಂದು ಸಲ ಇಲ್ಲ, ಹುಡುಕಿದರೆ ಯಾರೂ ಸಿಗುವುದಿಲ್ಲ ಎಂದರೆ ಇವರ ಮೇಲೆ ಕಣ್ಣಿಡಿ. ಹೊಸ ಇಎಕ್ಸ್‌ಇ ಹುಟ್ಟಿದ ಕೂಡಲೇ ಆಂಟಿವೈರಸ್ ಅದನ್ನು ತೆರೆದು ನೋಡುತ್ತದೆ. ಬಿಲ್ಡ್‌ನ ಮುಂದಿನ ಹಂತ ಅದೇ ಕ್ಷಣಕ್ಕೆ ಆ ಫೈಲಿಗೆ ಕೈ ಹಾಕುತ್ತದೆ. ನೀವು ಹುಡುಕುವ ಹೊತ್ತಿಗೆ ಅದು ಬಿಟ್ಟಾಗಿರುತ್ತದೆ. ಬಿಲ್ಡ್ ಔಟ್‌ಪುಟ್ ಫೋಲ್ಡರನ್ನು ಸಿಂಕ್ ಆಗುವ ಜಾಗದಿಂದ ಹೊರಗಿಡಿ. ಆಂಟಿವೈರಸ್‌ನಲ್ಲಿ ವಿನಾಯಿತಿ ಕೊಡುವುದಾದರೆ ಆ ಒಂದು ಫೋಲ್ಡರ್‌ಗೆ ಮಾತ್ರ ಕೊಡಿ, ಇಡೀ ಡ್ರೈವ್‌ಗೆ ಬೇಡ. ಆಫೀಸಿನ ಮಶೀನ್ ಆದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿಯೇ ಮಾಡಿ.

ಹೆಜ್ಜೆ 3: ಹಿಡಿದವರನ್ನು ಬಿಡಿಸಿ, ಆದರೆ ಮೆಲ್ಲಗೆ

ಪ್ರೋಗ್ರಾಂಗೆ ತನ್ನದೇ ಆದ ನಿಲ್ಲಿಸುವ ದಾರಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪಿಐಡಿ ಹಿಡಿದು ಆ ಒಂದು ಪ್ರಾಸೆಸ್ ಮಾತ್ರ ನಿಲ್ಲಿಸಿ. ಜಾವಾ ಎಂದು ಹೆಸರಿರುವುದನ್ನೆಲ್ಲ ಒಟ್ಟಿಗೆ ಕೊಂದರೆ ನಿಮ್ಮ ಎಡಿಟರ್ ಕೂಡ ಹೋಗಬಹುದು, ಸೇವ್ ಮಾಡದ ಕೆಲಸವೂ ಹೋಗಬಹುದು. ಲಿನಕ್ಸ್‌ನಲ್ಲಿ ಬರೀ ಕಿಲ್ ಕೊಟ್ಟು ಸ್ವಲ್ಪ ಕಾಯಿರಿ. ಅದು ಪ್ರೋಗ್ರಾಂಗೆ ಗಂಟುಮೂಟೆ ಕಟ್ಟಿಕೊಳ್ಳಲು ಸಮಯ ಕೊಡುತ್ತದೆ. ಕಿಲ್ ಮೈನಸ್ 9 ಕೊಟ್ಟರೆ ಆ ಸಮಯ ಸಿಗುವುದಿಲ್ಲ. ಅರ್ಧ ಬರೆದ ಫೈಲ್, ಅಳಿಸದ ಲಾಕ್ ಫೈಲ್ ಹಾಗೇ ಉಳಿದುಬಿಡುತ್ತವೆ.

ವಿಂಡೋಸ್‌ನಲ್ಲಿ ಪ್ರೋಗ್ರಾಂ ನಿಲ್ಲಿಸುವ ಹಾಗೇ ಇಲ್ಲ, ಆದರೂ ಬಿಲ್ಡ್ ಆಗಬೇಕು ಎಂದರೆ ಒಂದು ಒಳ್ಳೆಯ ದಾರಿ ಇದೆ. ಓಡುತ್ತಿರುವ ಇಎಕ್ಸ್‌ಇ ಫೈಲನ್ನು ಅಳಿಸಲು ಆಗದಿದ್ದರೂ ಸಾಮಾನ್ಯವಾಗಿ ಅದೇ ಡ್ರೈವ್‌ನಲ್ಲಿ ಹೆಸರು ಬದಲಾಯಿಸಲು ಆಗುತ್ತದೆ. ಹಳೆಯದಕ್ಕೆ ಬೇರೆ ಹೆಸರಿಟ್ಟು, ಹೊಸದನ್ನು ಮೂಲ ಹೆಸರಿನಲ್ಲಿ ಇಡಿ. ಹಳೆಯ ಪ್ರಾಸೆಸ್ ನಿಂತಮೇಲೆ ಆ ಫೈಲ್ ಅಳಿಸಿದರಾಯಿತು.

ಹೆಜ್ಜೆ 4: ಲಾಕ್ ಫೈಲ್ ಉಳಿದಿದ್ದರೆ, ಅದು ಯಾವ ಜಾತಿ ಎಂದು ನೋಡಿ

ಇದು ತುಂಬಾ ಜನ ತಪ್ಪು ಮಾಡುವ ಜಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಜಾತಿಯಲ್ಲಿ ಫೈಲ್ ಇದೆ ಎನ್ನುವುದೇ ಲಾಕ್. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇಂಡೆಕ್ಸ್ ಡಾಟ್ ಲಾಕ್ ಇದಕ್ಕೆ ಉದಾಹರಣೆ. ಗಿಟ್ ಕೆಲಸ ಶುರು ಮಾಡುವಾಗ ಅದನ್ನು ಹುಟ್ಟಿಸುತ್ತದೆ, ಮುಗಿದಾಗ ತೆಗೆಯುತ್ತದೆ. ಮಧ್ಯದಲ್ಲಿ ಸತ್ತರೆ ಫೈಲ್ ಉಳಿಯುತ್ತದೆ. ಮುಂದೆ ಇಂಡೆಕ್ಸ್ ಬದಲಾಯಿಸಲು ಬರುವ ಪ್ರತಿ ಗಿಟ್ ಕಮ್ಯಾಂಡೂ ಬೇರೆ ಯಾರೋ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡು ನಿಲ್ಲುತ್ತದೆ. ಗಿಟ್ ಪ್ರಾಸೆಸ್ ಯಾವುದೂ ಇಲ್ಲ ಎಂದು ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಎಡಿಟರ್ ಒಳಗೆ ಓಡುತ್ತಿರುವ ಗಿಟ್ ಅನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮೇಲೆ ಆ ಫೈಲ್ ಅಳಿಸಿ.

ಇನ್ನೊಂದು ಜಾತಿಯಲ್ಲಿ ಲಾಕ್ ಇರುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೈಯಲ್ಲಿ. ಫೈಲ್ ಬರೀ ಒಂದು ಗುರುತು. ಪ್ರಾಸೆಸ್ ಸತ್ತ ಕೂಡಲೇ ಲಾಕ್ ತಾನಾಗಿ ಹೋಗುತ್ತದೆ, ಫೈಲ್ ಮಾತ್ರ ಅಲ್ಲೇ ಇರುತ್ತದೆ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯ ಲಾಕ್ ಈ ಜಾತಿಯದು. ಬಿಲ್ಡ್‌ಗೆ ಬೇಕಾದ ಪ್ಯಾಕೇಜ್ ಹಾಕಲು ಹೋದಾಗ ಲಾಕ್ ಸಿಗಲಿಲ್ಲ ಎಂದು ಬಂದರೆ, ಬೇರೊಂದು ಪ್ರಾಸೆಸ್ ನಿಜವಾಗಿಯೂ ಓಡುತ್ತಿದೆ ಎಂದೇ ಅರ್ಥ. ಹೆಚ್ಚಾಗಿ ಅದು ತಾನಾಗಿ ಓಡುವ ಅಪ್‌ಡೇಟ್. ಆ ಫೈಲ್ ಅಳಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅಳಿಸಿದರೆ ಮುಂದಿನ ಪ್ರಾಸೆಸ್ ಅದೇ ಹೆಸರಿನ ಹೊಸ ಫೈಲ್ ಹುಟ್ಟಿಸಿ ಅದರ ಮೇಲೆ ಲಾಕ್ ಹಾಕುತ್ತದೆ. ಮೊದಲಿನದು ಹಳೆಯ ಫೈಲ್ ಮೇಲೆ ಲಾಕ್ ಹಿಡಿದೇ ಇರುತ್ತದೆ. ಲಾಕ್ ನನ್ನದೇ ಎಂದು ಇಬ್ಬರೂ ನಂಬಿ ಒಂದೇ ಡೇಟಾಬೇಸ್‌ಗೆ ಬರೆದರೆ ಪ್ಯಾಕೇಜ್ ಪಟ್ಟಿಯೇ ಕೆಡಬಹುದು. ಕಾಯುವುದೇ ಸರಿ.

ರಸ್ಟ್ ಭಾಷೆಯ ಬಿಲ್ಡ್ ಸಾಧನ ಕಾರ್ಗೋ, ಬಿಲ್ಡ್ ಡೈರೆಕ್ಟರಿಯ ಲಾಕ್‌ಗಾಗಿ ಕಾಯುತ್ತಿದ್ದೇನೆ ಎಂದು ನಿಂತರೂ ಇದೇ ಕಥೆ. ಬಹಳ ಸಲ ಎಡಿಟರ್‌ನ ರಸ್ಟ್ ಅನಲೈಜರ್ ಹಿಂದೆ ಕಾರ್ಗೋ ಚೆಕ್ ಓಡಿಸುತ್ತಿರುತ್ತದೆ. ಪದೇ ಪದೇ ಆದರೆ ಅದಕ್ಕೆ ಬೇರೆ ಟಾರ್ಗೆಟ್ ಫೋಲ್ಡರ್ ಕೊಡಿ. ಡಿಸ್ಕ್ ಜಾಗ ಸ್ವಲ್ಪ ಜಾಸ್ತಿ ಹೋಗುತ್ತದೆ, ಕಾಯುವ ಕಿರಿಕಿರಿ ತಪ್ಪುತ್ತದೆ.

ಹೆಜ್ಜೆ 5: 'ಟೆಕ್ಸ್ಟ್ ಫೈಲ್ ಬ್ಯುಸಿ' ಬಂದರೆ ಬರೆಯುವ ರೀತಿ ಬದಲಾಯಿಸಿ

ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ ಫೈಲನ್ನು ಅಳಿಸಬಹುದು. ಹೆಸರು ಹೋಗುತ್ತದೆ, ಒಳಗಿನ ಡೇಟಾ ಆ ಪ್ರಾಸೆಸ್ ಮುಗಿಯುವವರೆಗೆ ಡಿಸ್ಕ್‌ನಲ್ಲಿ ಉಳಿಯುತ್ತದೆ. ಆದರೆ ಅದೇ ಫೈಲಿನ ಒಳಗೆ ಬರೆಯಲು ಹೋದರೆ ಕರ್ನಲ್ ತಡೆಯುತ್ತದೆ. ಕಾಪಿ ಮಾಡುವ ಸಿಪಿ ಕಮ್ಯಾಂಡ್ ಮಾಡುವುದು ಅದನ್ನೇ. ಹಳೆಯ ಫೈಲ್ ತೆರೆದು, ಅದರೊಳಗೇ ಹೊಸದನ್ನು ಸುರಿಯುತ್ತದೆ. ಹಾಗಾಗಿ ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲಿ ಮೊದಲು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿಗೆ ಕಾಪಿ ಮಾಡಿ, ಆಮೇಲೆ ಎಂವಿ (ಹೆಸರು ಬದಲಾಯಿಸುವ ಕಮ್ಯಾಂಡ್) ಕೊಟ್ಟು ಮೂಲ ಹೆಸರಿಗೆ ತನ್ನಿ. ಹಳೆಯ ಪ್ರಾಸೆಸ್ ಹಳೆಯದನ್ನೇ ಓಡಿಸಿಕೊಂಡಿರುತ್ತದೆ, ಹೊಸದಾಗಿ ಶುರುವಾಗುವುದು ಹೊಸದನ್ನು ಎತ್ತಿಕೊಳ್ಳುತ್ತದೆ.

ಎಸ್‌ಓ ಲೈಬ್ರರಿ ಫೈಲ್‌ಗಳಲ್ಲಿ ಈ ತಡೆಯೂ ಇಲ್ಲ. ಸಿಪಿ ಏನೂ ಹೇಳದೆ ಮೇಲೆ ಬರೆದುಬಿಡುತ್ತದೆ. ಅದನ್ನು ಬಳಸುತ್ತಿರುವ ಪ್ರೋಗ್ರಾಂ ಓಡುತ್ತಿರುವಾಗಲೇ ಕುಸಿಯಬಹುದು. ಕಾರಣ ಮಾತ್ರ ಎಲ್ಲೂ ಕಾಣುವುದಿಲ್ಲ. ಲೈಬ್ರರಿಗಳಿಗೂ ಎಂವಿ ದಾರಿಯನ್ನೇ ಬಳಸಿ.

ಹೆಜ್ಜೆ 6: ಪರ್ಮಿಷನ್ ಎಂದು ಖಚಿತವಾದರೆ, ಫೈಲನ್ನಷ್ಟೇ ನೋಡಬೇಡಿ

ಯಾರೂ ಹಿಡಿದಿಲ್ಲ, ಆದರೂ 13 ಬರುತ್ತಿದೆ. ಮೊದಲು ಐಡಿ ಕಮ್ಯಾಂಡ್ ಕೊಟ್ಟು ನೀವು ಯಾರು, ಯಾವ ಗುಂಪಿನಲ್ಲಿದ್ದೀರಿ ನೋಡಿ. ಗುಂಪಿಗೆ ಈಗಷ್ಟೇ ಸೇರಿಸಿದ್ದರೆ ಒಮ್ಮೆ ಲಾಗೌಟ್ ಆಗಿ ಬರಬೇಕು. ಆಮೇಲೆ ನೇಮ್‌ಐ ಕಮ್ಯಾಂಡ್‌ಗೆ ಮೈನಸ್ ಎಲ್ ಜೊತೆ ಪೂರ್ತಿ ಪಾತ್ ಕೊಡಿ. ಮೇಲಿನಿಂದ ಕೆಳಗಿನ ತನಕ ಪ್ರತಿ ಫೋಲ್ಡರ್‌ನ ಒಡೆಯ ಮತ್ತು ಪರ್ಮಿಷನ್ ಒಂದೇ ಕಡೆ ಕಾಣುತ್ತದೆ. ಫೈಲಿಗೆ ಎಲ್ಲ ಹಕ್ಕಿದ್ದರೂ ಮೇಲಿನ ಒಂದು ಫೋಲ್ಡರ್‌ನಲ್ಲಿ ಎಕ್ಸ್ ಬಿಟ್ (ಫೋಲ್ಡರ್ ಆದರೆ ಒಳಗೆ ಹೋಗುವ, ಫೈಲ್ ಆದರೆ ಓಡಿಸುವ ಹಕ್ಕು) ಇಲ್ಲದಿದ್ದರೆ ಒಳಗೆ ಹೋಗಲು ಆಗುವುದಿಲ್ಲ. ಇನ್ನೊಂದು ಮಾತು: ಫೈಲ್ ಅಳಿಸಲು ಬೇಕಾದ ಹಕ್ಕು ಫೈಲಿನದ್ದಲ್ಲ, ಅದು ಇರುವ ಫೋಲ್ಡರ್‌ನದ್ದು. ಅಳಿಸಲು ಆಗದಿದ್ದಾಗ ಫೈಲಿನ ಮೇಲೆ ಪರ್ಮಿಷನ್ ಬದಲಾಯಿಸುವ ಸಿಎಚ್‌ಮಾಡ್ ಓಡಿಸುತ್ತಾ ಕೂತರೆ ಏನೂ ಆಗದಿರುವುದು ಇದಕ್ಕೇ.

ಇಲ್ಲಿ ಹೆಚ್ಚಾಗಿ ಕಾಣುವ ಕಾರಣ ಹಿಂದೊಮ್ಮೆ ಹಾಕಿದ ಸುಡೋ. ನಾನೂ ಒಂದು ರಾತ್ರಿ ಆತುರದಲ್ಲಿ ಬಿಲ್ಡ್ ಕಮ್ಯಾಂಡ್ ಆದ ಮೇಕ್ ಅನ್ನು ಸುಡೋ ಹಾಕಿ ಕೊಟ್ಟಿದ್ದೆ. ಆ ಹೊತ್ತಿಗೆ ಬಿಲ್ಡ್ ಆಯಿತು. ಮರುದಿನ ಮಾಮೂಲಿನಂತೆ ಮೇಕ್ ಕೊಟ್ಟರೆ ಆಬ್ಜೆಕ್ಟ್ ಫೈಲ್‌ಗಳ ಮೇಲೆ ಪರ್ಮಿಷನ್ ಡಿನೈಡ್. ಆ ರಾತ್ರಿ ಹುಟ್ಟಿದ ಫೈಲ್‌ಗಳೆಲ್ಲ ರೂಟ್ ಹೆಸರಿನಲ್ಲಿದ್ದವು. ಹೀಗಾದರೆ ಫೈಂಡ್ ಕಮ್ಯಾಂಡ್‌ನಲ್ಲಿ ಮೈನಸ್ ಯೂಸರ್ ರೂಟ್ ಕೊಟ್ಟು ಪ್ರಾಜೆಕ್ಟ್ ಫೋಲ್ಡರ್ ಹುಡುಕಿ. ಸಿಕ್ಕಿದ್ದನ್ನು ಸಿಎಚ್‌ಓನ್ ಕೊಟ್ಟು ನಿಮ್ಮ ಹೆಸರಿಗೆ ಮಾಡಿ. ಹೋಮ್ ಫೋಲ್ಡರ್‌ನಲ್ಲಿರುವ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಸಾಧನ) ಕ್ಯಾಶ್‌ನಂಥ ಜಾಗಗಳನ್ನೂ ನೋಡಿ. ಸಿಎಚ್‌ಓನ್‌ಗೆ ಈಗ ಸುಡೋ ಬೇಕೇ ಬೇಕು, ಆದರೆ ಪಾತ್ ಎರಡು ಸಲ ಓದಿ ಆಮೇಲೆ ಎಂಟರ್ ಒತ್ತಿ. ಇನ್ನು ಮುಂದೆ ಬಿಲ್ಡ್ ನಿಮ್ಮ ಹೆಸರಿನಲ್ಲೇ ನಡೆಯಲಿ, ಇನ್‌ಸ್ಟಾಲ್ ಹಂತಕ್ಕೆ ಮಾತ್ರ ಸುಡೋ ಇರಲಿ.

777 ಯಾಕೆ ಬೇಡ? ಮಶೀನ್‌ನಲ್ಲಿರುವ ಯಾವ ಯೂಸರ್ ಬೇಕಾದರೂ ನಿಮ್ಮ ಬಿಲ್ಡ್ ಸ್ಕ್ರಿಪ್ಟ್ ತಿದ್ದಬಹುದು, ನೀವು ಅದನ್ನು ನಿಮ್ಮ ಹಕ್ಕಿನಲ್ಲಿ ಓಡಿಸುತ್ತೀರಿ. ಮೇಲಾಗಿ ಒಡೆಯ ರೂಟ್ ಆಗಿಯೇ ಉಳಿಯುತ್ತಾನೆ.

ಡಾಕರ್ ಕಂಟೇನರ್ (ಮಶೀನ್ ಒಳಗೇ ಇರುವ ಪ್ರತ್ಯೇಕ ಪರಿಸರ) ಒಳಗೆ ಬಿಲ್ಡ್ ಮಾಡುವವರಿಗೂ ಇದೇ ಪಾಡು. ಕಂಟೇನರ್ ಸಾಮಾನ್ಯವಾಗಿ ರೂಟ್ ಆಗಿ ಓಡುತ್ತದೆ. ಹೊರಗಿನ ಫೋಲ್ಡರ್ ಮೌಂಟ್ ಮಾಡಿದ್ದರೆ ಅಲ್ಲಿ ಹುಟ್ಟುವ ಫೈಲ್‌ಗಳೂ ರೂಟ್‌ನದ್ದೇ. ಓಡಿಸುವಾಗ ಯೂಸರ್ ಆಯ್ಕೆಯಲ್ಲಿ ನಿಮ್ಮ ಯೂಸರ್ ಐಡಿ ಮತ್ತು ಗ್ರೂಪ್ ಐಡಿ ಕೊಡಿ. ಬಿಲ್ಡ್ ಮಧ್ಯೆ ಗಿಟ್ 'ಡ್ಯೂಬಿಯಸ್ ಓನರ್‌ಶಿಪ್' (ಒಡೆತನದ ಮೇಲೆ ಅನುಮಾನ) ಎಂದು ನಿಂತರೂ ಬೇರು ಇಲ್ಲೇ ಇದೆ. 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ, ಫೋಲ್ಡರ್ ಬೇರೆ ಯೂಸರ್‌ನದ್ದಾದರೆ ಗಿಟ್ ಕೆಲಸ ಮಾಡಲು ಒಪ್ಪುವುದಿಲ್ಲ. ಗಿಟ್ ನಂಬುವ ಫೋಲ್ಡರ್‌ಗಳ ಸೇಫ್ ಡೈರೆಕ್ಟರಿ ಪಟ್ಟಿಗೆ ಸೇರಿಸುವುದಕ್ಕಿಂತ ಒಡೆತನ ಸರಿ ಮಾಡುವುದು ಒಳ್ಳೆಯದು.

ಸ್ಕ್ರಿಪ್ಟ್ ಓಡುತ್ತಲೇ ಇಲ್ಲ ಎಂದರೆ ಎಕ್ಸ್ ಬಿಟ್ ನೋಡಿ. ಅದೂ ಇದ್ದು 13 ಬಂದರೆ ಆ ಡಿಸ್ಕ್ ನೋಎಕ್ಸೆಕ್ (ಅಲ್ಲಿಂದ ಏನನ್ನೂ ಓಡಿಸಬಾರದು ಎಂಬ) ಆಯ್ಕೆಯಲ್ಲಿ ಮೌಂಟ್ ಆಗಿದೆಯಾ ಎಂದು ಮೌಂಟ್ ಪಟ್ಟಿಯಲ್ಲಿ ನೋಡಿ. ಟೆಂಪ್ ಫೋಲ್ಡರ್‌ಗಳನ್ನು ಹೀಗೆ ಮೌಂಟ್ ಮಾಡುವುದುಂಟು.

ಇನ್ನು 1ರ ವಿಷಯ. ಫೈಲ್ ನಿಮ್ಮದೇ, ಕೆಲವೊಮ್ಮೆ ರೂಟ್‌ಗೂ ಆಗುತ್ತಿಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಎಟಿಟಿಆರ್ ಕೊಟ್ಟು ಐ ಅಕ್ಷರ ಕಾಣುತ್ತದಾ ನೋಡಿ. ಕಂಡರೆ ಫೈಲ್ ಇಮ್ಯೂಟಬಲ್, ಅಂದರೆ ಬದಲಾಯಿಸಲು ಆಗದಂತೆ ಗುರುತು ಹಾಕಿದೆ. ಮ್ಯಾಕ್‌ನಲ್ಲಿ ಎಲ್‌ಎಸ್‌ಗೆ ಚಿಕ್ಕ ಎಲ್ ಮತ್ತು ದೊಡ್ಡ ಓ ಕೊಟ್ಟರೆ ಅದೇ ಅರ್ಥದ ಯುಸಿಎಚ್‌ಜಿ ಎಂಬ ಗುರುತು ಕಾಣಬಹುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳಲ್ಲಿ ಮಾತ್ರ ಈ ಎರರ್ ಬಂದರೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಟರ್ಮಿನಲ್‌ಗೆ ಅನುಮತಿ ಇದೆಯಾ ನೋಡಿ.

ವಿಂಡೋಸ್‌ನಲ್ಲಿ ಐಸಿಎಸಿಎಲ್‌ಎಸ್ ಕಮ್ಯಾಂಡ್ ಯಾರಿಗೆ ಯಾವ ಹಕ್ಕಿದೆ ಎಂದು ತೋರಿಸುತ್ತದೆ. ಬೇರೆ ಡಿಸ್ಕ್‌ನಿಂದ ತಂದ ಪ್ರಾಜೆಕ್ಟ್ ಆದರೆ ಟೇಕ್‌ಓನ್ ಕೊಟ್ಟು ಒಡೆತನ ತೆಗೆದುಕೊಂಡು, ಐಸಿಎಸಿಎಲ್‌ಎಸ್‌ನ ರೀಸೆಟ್ ಆಯ್ಕೆ ಕೊಡಿ. ಪ್ರಾಜೆಕ್ಟ್ ಫೋಲ್ಡರ್‌ಗೆ ಮಾತ್ರ. ಪ್ರೋಗ್ರಾಂ ಫೈಲ್ಸ್ ಒಳಗೆ ಬಿಲ್ಡ್ ಮಾಡಲು ಹೋಗಲೇಬೇಡಿ. ರೀಡ್-ಓನ್ಲಿ ಗುರುತಿನ ಫೈಲ್ ಅಳಿಸಲು ವಿಂಡೋಸ್ ತಕರಾರು ಮಾಡುತ್ತದೆ. ಗಿಟ್‌ನ ಆಬ್ಜೆಕ್ಟ್ ಫೈಲ್‌ಗಳಿಗೆ ಈ ಗುರುತು ಇರುವುದರಿಂದ ಕ್ಲೋನ್ ಮಾಡಿದ ಫೋಲ್ಡರ್ ಅಳಿಸುವ ಕ್ಲೀನ್ ಸ್ಕ್ರಿಪ್ಟ್‌ಗಳು ಅಲ್ಲಿ ಎಡವುತ್ತವೆ.

ಹೆಜ್ಜೆ 7: ಇಷ್ಟಾದರೂ ಸಿಗದಿದ್ದರೆ ನಡೆಯುತ್ತಿರುವುದನ್ನೇ ರೆಕಾರ್ಡ್ ಮಾಡಿ

ವಿಂಡೋಸ್‌ನಲ್ಲಿ ಸಿಸ್‌ಇಂಟರ್ನಲ್ಸ್‌ನದೇ ಆದ ಪ್ರಾಸೆಸ್ ಮಾನಿಟರ್ ತೆರೆದು, ಪಾತ್‌ನಲ್ಲಿ ನಿಮ್ಮ ಫೈಲ್ ಹೆಸರು ಇರಬೇಕು ಎಂದು ಫಿಲ್ಟರ್ ಹಾಕಿ. ನಂತರ ಬಿಲ್ಡ್ ಕೊಡಿ. ಲಿನಕ್ಸ್‌ನಲ್ಲಿ ಬಿಲ್ಡ್ ಕಮ್ಯಾಂಡನ್ನು ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಕೇಳುವುದನ್ನೆಲ್ಲ ದಾಖಲಿಸುವ ಸಾಧನ) ಅಡಿಯಲ್ಲಿ ಓಡಿಸಿ, ಮಕ್ಕಳ ಪ್ರಾಸೆಸ್‌ಗಳನ್ನೂ ಹಿಂಬಾಲಿಸಲು ಮೈನಸ್ ಎಫ್ ಸೇರಿಸಿ. ಸಾವಿರಾರು ಸಾಲು ಬರುತ್ತವೆ, ಹೆದರಬೇಡಿ. ಪ್ರಾಸೆಸ್ ಮಾನಿಟರ್‌ನಲ್ಲಿ ರಿಸಲ್ಟ್ ಕಾಲಂನಲ್ಲಿ ಶೇರಿಂಗ್ ವಯಲೇಷನ್ ಅಥವಾ ಆಕ್ಸೆಸ್ ಡಿನೈಡ್ ಇರುವ ಮೊದಲ ಸಾಲು ಹುಡುಕಿ. ಅಲ್ಲಿಂದ ಮೇಲಕ್ಕೆ ಹೋಗುತ್ತಾ, ಅದೇ ಫೈಲನ್ನು ತೆರೆದು ಇನ್ನೂ ಮುಚ್ಚದ ಪ್ರಾಸೆಸ್ ಯಾವುದು ನೋಡಿ. ಕ್ಷಣಮಾತ್ರ ಹಿಡಿದು ಬಿಡುವ ಆಂಟಿವೈರಸ್ ಕೂಡ ಇಲ್ಲಿ ತನ್ನ ಹೆಸರು ಮತ್ತು ಸಮಯದ ಸಮೇತ ಸಿಗುತ್ತದೆ. ಆ ನಾಲ್ಕೈದು ಸಾಲು ಉಳಿಸಿಟ್ಟುಕೊಳ್ಳಿ. ವಿನಾಯಿತಿ ಕೊಡಿ ಎಂದು ಮಶೀನ್ ನೋಡಿಕೊಳ್ಳುವವರನ್ನು ಕೇಳುವಾಗ ಅವರ ಮುಂದೆ ಇಡಲು ಅಷ್ಟು ಸಾಕು.